ದಾರಿ ತೋರದ ಕೈಪಿಡಿಗಳು

ಕಳೆದ ದಸರೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ. ಶನಿವಾರ ಭಾನುವಾರ ಬಂತೆಂದರೆ ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟಕ್ಕೋ ಹೊಳೆಗೋ ಹೊರಡುವ ಹುಡುಗ. ಹೋಗುವಾಗ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಮಿಸ್, ನಮಗೆ ಮ್ಯಾಪ್ ಓದೋದು ಕಲಿಸಿದ್ದೇ ನೀವು. ಇದನ್ನ ನೀವೇ ಇಟ್ಕೊಳ್ಳಿ" ಅಂದ. ಬೆಂಗಳೂರಿನ ಸುತ್ತ ಚಾರಣ ಮಾಡುವವರಿಗೆ, ಕಯಾಕ್ ಹುಟ್ಟು ಹಾಕುವವರಿಗೆ ಎಂದು ಮಾಡಿದ ಕೈಪಿಡಿ ಅದು.

ಅಂದು ರಾತ್ರಿ ಅಡಿಗೆಮನೆ ಕೆಲಸ ಮುಗಿಸಿ, ಕನ್ನಡಕ ಏರಿಸಿಕೊಂಡು ಕೂತು ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಎಂ.ಜಿ. ರಸ್ತೆಯಿಂದ ಎಷ್ಟು ಕಿಲೋಮೀಟರು, ಕಾರು ಎಲ್ಲಿ ನಿಲ್ಲಿಸಬೇಕು, ಕಾಫಿ ಎಲ್ಲಿ ಸಿಗುತ್ತದೆ, ಸೂರ್ಯೋದಯದ ಫೋಟೋ ಎಲ್ಲಿಂದ ತೆಗೆಯಬೇಕು, ಎಲ್ಲವೂ ಇತ್ತು. ಪುಸ್ತಕ ಮುಚ್ಚಿಟ್ಟಾಗ ಮಾತ್ರ ನನಗೆ ಸಿಟ್ಟು ಬಂದಿತ್ತು. ಕೊಟ್ಟ ಹುಡುಗನ ಮೇಲಲ್ಲ, ಪುಸ್ತಕದ ಮೇಲೆ. ಆ ಸಿಟ್ಟು ಯಾಕೆ ಬಂತೆಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲನೆಯದು ಹೆಸರಿನ ವಿಷಯ. ಚಿಕ್ಕಬಳ್ಳಾಪುರದ ಬಳಿಯ ಕಳವಾರ ದುರ್ಗವನ್ನು ಆ ಪುಸ್ತಕ ಸ್ಕಂದಗಿರಿ ಎಂದಷ್ಟೇ ಬಲ್ಲದು. ಕೆಳಗೆ ಕಳವಾರ ಎಂಬ ಊರಿದೆ, ಅಲ್ಲಿ ಜನರಿದ್ದಾರೆ, ಆ ಬೆಟ್ಟಕ್ಕೆ ಅವರು ಕರೆಯುವ ಹೆಸರೊಂದಿದೆ ಎಂಬ ಮಾತೇ ಇಲ್ಲ. ಹೆಸರಿನಲ್ಲೇನಿದೆ ಎಂದು ನೀವು ಕೇಳಬಹುದು. ಬೆಟ್ಟದಲ್ಲಿ ದಾರಿ ತಪ್ಪಿ ಕೆಳಗಿನ ಊರಿಗೆ ಫೋನು ಮಾಡುವ ಹೊತ್ತು ಬಂದಾಗ ಗೊತ್ತಾಗುತ್ತದೆ, ಹೆಸರಿನಲ್ಲಿ ಏನೆಲ್ಲ ಇದೆ ಎಂದು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ಒಂಬತ್ತನೇ ತರಗತಿಯ 38 ಮಕ್ಕಳನ್ನು ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ನಾನು, ಡ್ರಿಲ್ ಮೇಷ್ಟ್ರು, ಇನ್ನೊಬ್ಬರು ಟೀಚರ್. ಆಗಲೂ ಕೈಯಲ್ಲಿ ಇಂಥದೇ ಒಂದು ಕೈಪಿಡಿಯ ಜೆರಾಕ್ಸ್ ಪುಟಗಳು. "ಸುಲಭದ ದಾರಿ, ಬಂಡೆಯ ಮೇಲೆ ಬಾಣದ ಗುರುತು ನೋಡಿಕೊಂಡು ಹೋಗಿ" ಎಂಬ ಅರ್ಥದ ಎರಡು ಸಾಲು. ಹತ್ತುವಾಗ ಬಾಣ ಕಂಡವು. ತುದಿಯ ನಂದಿ ಮಂಟಪದ ಬಳಿ ಪುಳಿಯೋಗರೆ ತಿಂದೆವು. ಇಳಿಯುವಾಗ ಬಾಣ ಕಾಣಲಿಲ್ಲ. ಹತ್ತುವವನ ಕಣ್ಣಿಗೆ ಕಾಣುವಂತೆ ಬರೆದ ಗುರುತು ಇಳಿಯುವವನ ಬೆನ್ನಿಗಿರುತ್ತದೆ, ಇಷ್ಟು ಸಣ್ಣ ವಿಷಯ ಪುಸ್ತಕ ಬರೆದವರಿಗೆ ಹೊಳೆದಿರಲಿಲ್ಲ. ಮೋಡ ಕವಿಯಿತು. ಒಂದು ಹನಿ ಬಿದ್ದರೂ ಆ ಬಂಡೆ ಎಣ್ಣೆ ಸವರಿದ ಕಾವಲಿಯಾಗುತ್ತದೆ. ಮುಂದೆ ಹೋದ ಆರು ಹುಡುಗರು ಬಲಕ್ಕೆ ಇಳಿಯತೊಡಗಿದ್ದರು.

ಆಗ ಕೆಳಗಿನಿಂದ ಒಂದು ಕೂಗು ಕೇಳಿತು. ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ. "ಏಯ್ ಮಕ್ಳಾ, ನಿಂತ್ಕಳ್ರೋ ಅಲ್ಲೇ! ಅದು ಜಾರುಬಂಡೆ ಕಣ್ರೋ!" ಹುಡುಗರು ನಿಂತರು. ಅಜ್ಜಿ ಬರಿಗಾಲಲ್ಲಿ ಹತ್ತಿ ಬಂದು ನನ್ನನ್ನು ಚೆನ್ನಾಗಿ ಬೈದರು. "ಏನವ್ವಾ, ಓದಿದೋರು ನೀವು, ಇಷ್ಟೊಂದು ಮಕ್ಳು ಕಟ್ಕಂಡು ಬಂದಿದೀರ, ಒಂದ್ ಮಾತು ಕೇಳಕ್ಕಾಗಲ್ವಾ?" ಆಮೇಲೆ ಅವರೇ ಮುಂದೆ ನಡೆದು, ಎಲ್ಲರನ್ನೂ ಎಡಗಡೆಯ ಕೋಟೆಗೋಡೆಯ ಪಕ್ಕದಿಂದ ಇಳಿಸಿದರು. ಒಂದೊಂದು ತಿರುವಿಗೂ ಅವರಲ್ಲೊಂದು ಹೆಸರಿತ್ತು, ಒಂದೊಂದು ದೊಣೆಯಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ ಎಂಬ ಲೆಕ್ಕವಿತ್ತು. ನನ್ನ ಕೈಯಲ್ಲಿದ್ದ ಪುಟಗಳಲ್ಲಿ ಅದರಲ್ಲಿ ಒಂದೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 38 ಮಕ್ಕಳ ತಾಯಂದಿರಿಗೆ ಏನು ಉತ್ತರ ಹೇಳುತ್ತಿದ್ದೆ? ತಪ್ಪು ನನ್ನದೇ. ಸ್ಥಳದವರನ್ನು ಕೇಳದೆ ಹೋದದ್ದು ನನ್ನ ತಪ್ಪು. ಆದರೆ ಕೇಳಬೇಕೆಂದು ಹೇಳದ ಪುಸ್ತಕವನ್ನು ಕೈಪಿಡಿ ಎಂದು ಕರೆಯುವುದೂ ತಪ್ಪೇ. ಇಳಿಯುವ ದಾರಿ ಹೇಳದಿದ್ದರೆ, ನೀರೆಲ್ಲಿದೆ ಎಂದು ಹೇಳದಿದ್ದರೆ, ಬುಡದ ಊರಿನವರನ್ನು ಮಾತಾಡಿಸಿ ಎನ್ನದಿದ್ದರೆ ಅದು ಬರೀ ಜಾಹೀರಾತು.

ನೀರಿನ ಕೈಪಿಡಿಗಳ ಕಥೆಯೂ ಬೇರೆಯಲ್ಲ. ಸಾಗರ ತಾಲ್ಲೂಕಿನ ಹೊನ್ನೆಮರಡುವಿಗೆ ಹೋಗಿ ಶರಾವತಿ ಹಿನ್ನೀರಿನಲ್ಲಿ ದೋಣಿ ನಡೆಸಿ, ದ್ವೀಪದಲ್ಲಿ ಮಲಗಿ ನಕ್ಷತ್ರ ನೋಡಿ ಎಂದು ನನ್ನ ಶಿಷ್ಯನ ಪುಸ್ತಕ ಹೇಳುತ್ತದೆ. ಆ ದ್ವೀಪ ಎಲ್ಲಿಂದ ಬಂತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗದೆ ಉಳಿದ ಗುಡ್ಡದ ನೆತ್ತಿ ಅದು. ಕೆಳಗೆ ಊರುಗಳಿದ್ದವು, ತೋಟಗಳಿದ್ದವು. ಅದಕ್ಕೂ ಹಿಂದಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಆ ನೀರಿನೊಳಗೇ ಇದೆ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ತಲೆ ಎತ್ತುತ್ತದೆ. ಊರು ಕಳೆದುಕೊಂಡವರ ಹೆಸರು ಬೇಡ ಎಂದೇ ಇಟ್ಟುಕೊಳ್ಳೋಣ. ದೋಣಿಯ ತಳಕ್ಕೆ ಏನು ತಾಗೀತು ಎಂದಾದರೂ ಹೇಳಬೇಡವೇ? ದಾಂಡೇಲಿಯ ಕಡೆ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹೊಳೆ ಮಧ್ಯಾಹ್ನ ಎದೆಯುದ್ದವಾದರೆ ಅದು ಮಳೆಯಿಂದಲ್ಲ, ಮೇಲಿನಿಂದ ಬಿಟ್ಟ ನೀರಿನಿಂದ. ಅಣೆಕಟ್ಟಿನ ಕೆಳಗಿನ ಯಾವ ಹೊಳೆಯ ನಕ್ಷೆಗೂ ಇದು ಮೊದಲ ಸಾಲಾಗಬೇಕು. ಆ ಪುಸ್ತಕದಲ್ಲಿ ಅದು ಕೊನೆಯ ಸಾಲಾಗಿಯೂ ಇಲ್ಲ.

ನಕ್ಷೆಯ ವಿಷಯದಲ್ಲಿ ನಮ್ಮ ನಾಡು ಹಿಂದುಳಿದಿತ್ತೆಂದು ಯಾರೂ ಹೇಳಲಾರರು. ಇಡೀ ಭಾರತವನ್ನು ತ್ರಿಕೋನ ಹಾಕಿ ಅಳೆದ ಮಹಾ ಸರ್ವೇಕ್ಷಣೆ 1802ರ ಏಪ್ರಿಲ್‌ನಲ್ಲಿ ಮದರಾಸಿನಲ್ಲಿ ಶುರುವಾಯಿತೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿಯ ಬಯಲಿನಲ್ಲಿ ಸರಪಳಿ ಹಿಡಿದು ಏಳು ಮೈಲಿಗೂ ಮಿಗಿಲಾದ ಒಂದು ರೇಖೆಯನ್ನು ಅಳೆದಿದ್ದ. ಇಷ್ಟೆಲ್ಲ ಅಳೆದದ್ದು ಯಾರಿಗಾಗಿ? ಸೈನ್ಯಕ್ಕಾಗಿ, ಕಂದಾಯಕ್ಕಾಗಿ. ನಾನು ಮಕ್ಕಳೊಂದಿಗೆ ದಾರಿ ತಪ್ಪಿದ ಅದೇ ಸಾವನದುರ್ಗವನ್ನು 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹತ್ತಿ ಗೆದ್ದಿತು. ಅಂದು ಬೆಟ್ಟದ ದಾರಿ ತಿಳಿಯಬೇಕಾಗಿದ್ದುದು ಗೆಲ್ಲಲು ಬಂದವರಿಗೆ, ಇಂದು ಸುತ್ತಲು ಬಂದವರಿಗೆ. ಬುಡದಲ್ಲಿ ಇರುವವರಿಗಾಗಿ ಯಾರೂ ಇನ್ನೂ ನಕ್ಷೆ ಬರೆದಿಲ್ಲ.

ಭಾರತ ಸರ್ವೇಕ್ಷಣಾ ಇಲಾಖೆಯ ಹಾಳೆಗಳ ಮಾತೂ ಹೇಳಬೇಕು. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ರಕ್ಷಣೆಗೊಂದು ಸರಣಿ, ಸಾರ್ವಜನಿಕರಿಗೊಂದು ಮುಕ್ತ ಸರಣಿ ಎಂದಾಯಿತು. 2017ರಲ್ಲಿ ಅವುಗಳನ್ನು ಕಂಪ್ಯೂಟರಿನಲ್ಲಿ ಪುಕ್ಕಟೆ ಇಳಿಸಿಕೊಳ್ಳುವ ವ್ಯವಸ್ಥೆ ಬಂತು. 2021ರಲ್ಲಿ ನಕ್ಷೆ ಮಾಡುವುದಕ್ಕಿದ್ದ ಕಟ್ಟುಪಾಡುಗಳನ್ನು ಕೇಂದ್ರ ಸರ್ಕಾರ ಬಹುಮಟ್ಟಿಗೆ ಸಡಿಲಿಸಿತು. ಒಳ್ಳೆಯದೇ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಆ ಹಾಳೆ ಅಚ್ಚುಕಟ್ಟಾದ ವಸ್ತು. ಏರಿಳಿತದ ಗೆರೆ ಇದೆ, ಕೆರೆ ಇದೆ, ಗುಡಿ ಇದೆ. ಆದರೆ ನಾನು ಇಳಿಸಿಕೊಂಡ ಹಾಳೆಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ನಮ್ಮೂರ ಹೆಸರನ್ನು ನನ್ನ ಮಕ್ಕಳೇ ತಡವರಿಸಿ ಓದಬೇಕಾಯಿತು.

ಇಷ್ಟಕ್ಕೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಚಾರಣ ಹೋಗುವವರು ಹೋಗಲಿ, ಬರುವವರು ಬರಲಿ ಎಂದು ಸುಮ್ಮನಿರುತ್ತಿದ್ದೆ. ನನ್ನ ಕಣ್ಣು ತೆರೆಸಿದ್ದು ಬೇರೆ ಘಟನೆ.

ನಮ್ಮ ಶಾಲೆ ಇರುವುದು ಕಾಡುಗೋಡಿಯಿಂದ ಆಚೆ. ನಾನು ಇಲ್ಲಿಗೆ ವರ್ಗವಾಗಿ ಬಂದಾಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. ಪಕ್ಕದ ಹಳ್ಳಿಯ ಮಕ್ಕಳು ರಾಜಕಾಲುವೆಯ ಏರಿಯ ಮೇಲಿನ ಕಾಲುದಾರಿಯಲ್ಲಿ ಕಾಲು ಗಂಟೆಯಲ್ಲಿ ಶಾಲೆಗೆ ಬರುತ್ತಿದ್ದರು. ಆರು ವರ್ಷದ ಹಿಂದೆ ಆ ಜಾಗದಲ್ಲಿ ಬಡಾವಣೆಯೊಂದು ಎದ್ದಿತು. ಕಾಂಪೌಂಡು ಬಂತು, ಗೇಟು ಬಂತು, ಗೇಟಿಗೊಬ್ಬ ಕಾವಲುಗಾರ ಬಂದ. ಕಾಲುದಾರಿ ಗೋಡೆಯೊಳಗೆ ಹೋಯಿತು. ಮಕ್ಕಳು ಮುಖ್ಯರಸ್ತೆ ಸುತ್ತಿ, ನೀರಿನ ಟ್ಯಾಂಕರು, ಜಲ್ಲಿ ಲಾರಿಗಳ ನಡುವೆ ಬರತೊಡಗಿದರು. ಒಂದು ಜುಲೈ ಬೆಳಿಗ್ಗೆ ಏಳನೇ ತರಗತಿಯ ಒಬ್ಬಳು ಹುಡುಗಿಗೆ ಟ್ಯಾಂಕರ್ ತಾಗಿತು. ಪುಣ್ಯಕ್ಕೆ ಜೀವ ಉಳಿಯಿತು, ಕಾಲು ಮುರಿಯಿತು. ನಾಲ್ಕು ತಿಂಗಳು ಶಾಲೆ ತಪ್ಪಿತು. ವಾಪಸು ಬಂದವಳು ಆಟದ ಪಿರಿಯಡ್ಡಿನಲ್ಲಿ ಕಟ್ಟೆಯ ಮೇಲೆ ಕೂರುತ್ತಿದ್ದುದನ್ನು ನೋಡಿ ನಾನು ಎಷ್ಟೋ ದಿನ ಊಟ ಸರಿಯಾಗಿ ಮಾಡಿಲ್ಲ.

"ಅಲ್ಲಿ ದಾರಿಯೇ ಇರಲಿಲ್ಲ ಮೇಡಂ, ಜನ ಸುಮ್ಮನೆ ಓಡಾಡುತ್ತಿದ್ದರು" ಎಂದು ಬಡಾವಣೆಯವರು ಹೇಳಿದರು. ನಾನು ಸಮಾಜ ವಿಜ್ಞಾನದ ಟೀಚರ್. ಸಾಕ್ಷಿ ಎಲ್ಲಿದೆ ಎಂದು ಹುಡುಕಿದೆ. ಆಗಲೇ ನನಗೆ ಗ್ರಾಮ ನಕಾಶೆಯ ಪರಿಚಯವಾದದ್ದು. ಓದುಗರೇ, ನೀವು ನೋಡಿದ್ದೀರೋ ಇಲ್ಲವೋ, ನಮ್ಮ ರಾಜ್ಯದ ಊರೂರಿಗೂ ಕನ್ನಡದಲ್ಲೇ ಬರೆದ ನಕಾಶೆ ಇದೆ. ಭೂಮಾಪನ ಇಲಾಖೆಯದು. ಈಗ ಜಾಲತಾಣದಲ್ಲಿ ಕಾಸಿಲ್ಲದೆ ಸಿಗುತ್ತದೆ. ಅದರಲ್ಲಿ ಸರ್ವೆ ನಂಬರುಗಳಿವೆ, ಕೆರೆ, ಹಳ್ಳ, ಗುಂಡುತೋಪು, ಬಂಡಿದಾರಿ, ಕಾಲುದಾರಿ ಇವೆ. ದಾರಿಗೆ, ಹಳ್ಳಕ್ಕೆ ಬಿಟ್ಟ ಸಾರ್ವಜನಿಕ ಜಾಗಕ್ಕೆ ಬಿ ಖರಾಬು ಎಂಬ ಹೆಸರಿದೆ. ನಕಾಶೆಯಲ್ಲಿ ಕಂಡ ದಾರಿಯನ್ನು ರೈತರು ಇವತ್ತಿಗೂ 'ನಕಾಶೆ ದಾರಿ' ಎಂದೇ ಕರೆಯುತ್ತಾರೆ. ಹೊಲದ ಜಗಳದಲ್ಲಿ ಅದು ದೊಡ್ಡ ಮಾತು. ನಮ್ಮೂರ ನಕಾಶೆ ಬಿಚ್ಚಿ ನೋಡಿದರೆ, ಕಾಲುವೆಯ ಪಕ್ಕದಲ್ಲಿ ಸಣ್ಣ ಚುಕ್ಕಿಗೆರೆಯಾಗಿ ನನ್ನ ಮಕ್ಕಳ ದಾರಿ ಮಲಗಿತ್ತು.

ನನಗೆ ಅಳುವೂ ಬಂತು, ನಗುವೂ ಬಂತು. ಕನ್ನಡದಲ್ಲಿ ನಕ್ಷೆ ಇಲ್ಲ ಎಂದು ಕೊರಗುತ್ತಿದ್ದೆನಲ್ಲ, ಇತ್ತು. ಹಳ್ಳಿಗೊಂದರಂತೆ, ಕಾಲುದಾರಿಯ ಸಮೇತ ಇತ್ತು. ಆದರೆ ಅದನ್ನು ಬಿಚ್ಚಿ ಓದುತ್ತಿದ್ದವರು ಯಾರು? ಸೈಟು ಮಾರುವ ದಲ್ಲಾಳಿಗಳು. ಯಾವ ದಾರಿ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಗೋಡೆ ಎಲ್ಲಿ ಕಟ್ಟಬೇಕೆಂದೂ ಗೊತ್ತು. ಗೊತ್ತಿಲ್ಲದವರು ನಾವು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಭಾರತದ ನಕ್ಷೆ ಬರೆದು ನರ್ಮದಾ ನದಿ ಗುರುತಿಸಲು ನಾನು ವರ್ಷಾವಧಿ ತಾಲೀಮು ಕೊಡುತ್ತೇನೆ. ಶಾಲೆಯ ಹಿಂದಿನ ಕಾಲುವೆ ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದರೆ ಒಂದು ಕೈಯೂ ಮೇಲೇಳುವುದಿಲ್ಲ. ಬೆಳ್ಳಂದೂರು ಕೆರೆಯಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ನೀರು ಹೋಗುತ್ತದೆ. ನಂದಿಬೆಟ್ಟದ ಕಡೆ ಹುಟ್ಟಿದ ಆ ನದಿ ಹೊಸಕೋಟೆ ದಾಟಿ, ಸರ್ಜಾಪುರದ ಹತ್ತಿರ ಮುಗಳೂರಿನ ಪಕ್ಕದಲ್ಲೇ ಹರಿದು, ತಮಿಳುನಾಡಿಗೆ ಹೋಗಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. 2015ರಲ್ಲಿ ವರ್ತೂರಿನ ನೊರೆ ರಸ್ತೆಗೆ ಹಾರಿದ್ದು ಪತ್ರಿಕೆಯಲ್ಲಿ ಬಂತು. ಆ ನೊರೆ ಯಾವ ನದಿಯದು ಎಂದು ಐಟಿ ಕಂಪನಿಯ ಹತ್ತು ಜನರನ್ನು ಕೇಳಿ ನೋಡಿ. ನೂರಾರು ಕಿಲೋಮೀಟರು ಕಾರು ಓಡಿಸಿ ಕಯಾಕ್ ಹುಟ್ಟು ಹಾಕಲು ಹೋಗುವವರಿಗೆ ತಮ್ಮ ಆಫೀಸಿನ ಆಚೆ ಒಂದು ನದಿ ಇದೆ, ಅದು ನಮ್ಮದೇ ಕೊಳೆ ಹೊತ್ತು ಹರಿಯುತ್ತಿದೆ ಎಂಬುದೇ ತಿಳಿದಿಲ್ಲ. ಅವರ ಪುಸ್ತಕ ಅದನ್ನು ಹೇಳಿಲ್ಲ.

ಇಂಗ್ಲೆಂಡಿನಲ್ಲಿ 1949ರಲ್ಲಿ ಒಂದು ಕಾಯಿದೆ ಆಯಿತು. ಹೊಲದ ನಡುವೆ, ಗುಡ್ಡದ ಮೇಲೆ ಜನ ನಡೆಯುವ ಕಾಲುದಾರಿಗಳನ್ನೆಲ್ಲ ಅಳೆದು, ಅಧಿಕೃತ ನಕ್ಷೆ ಮಾಡಿ ಇಡಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಅದು ವಿಧಿಸಿತು. ಆ ನಕ್ಷೆಯಲ್ಲಿ ಬಂದ ದಾರಿಯನ್ನು ಜಮೀನಿನ ಒಡೆಯನೂ ಮುಚ್ಚುವಂತಿಲ್ಲ. ಅದೇ ನಾಡಿನಲ್ಲಿ ವೇನ್‌ರೈಟ್ ಎಂಬ ಪುರಸಭೆಯ ಖಜಾಂಚಿ ಕಚೇರಿ ಕೆಲಸದ ಬಿಡುವಿನಲ್ಲಿ ಬೆಟ್ಟ ಸುತ್ತಿ, 1955ರಿಂದ 1966ರವರೆಗೆ ಏಳು ಕೈಪಿಡಿಗಳನ್ನು ಕೈಬರಹದಲ್ಲೇ ಬರೆದು, ತಾನೇ ನಕ್ಷೆ ಎಳೆದು ಅಚ್ಚು ಹಾಕಿಸಿದ. ಆತ ಸಾಹಸಿಯಲ್ಲ, ಗುಮಾಸ್ತನಾಗಿ ಕೆಲಸಕ್ಕೆ ಸೇರಿದವನು. ಅಲ್ಲಿನ ಬೆಟ್ಟದ ದಾರಿ ಇವತ್ತಿಗೂ ಉಳಿದಿದ್ದರೆ, ಬರೆದವರೂ ಇದ್ದರು, ನಡೆದವರೂ ಇದ್ದರು, ಬರೆದದ್ದಕ್ಕೆ ಕಾಯಿದೆಯ ಬಲವೂ ಇತ್ತು. ನಮ್ಮಲ್ಲಿ ಬರೆದದ್ದು ಕಚೇರಿಯಲ್ಲಿದೆ, ನಡೆಯುವವರು ಬೇರೆಲ್ಲೋ ಇದ್ದಾರೆ. ಎರಡನ್ನೂ ಸೇರಿಸುವ ಕೈಪಿಡಿ ಮಾತ್ರ ಇಲ್ಲ.

ನನ್ನ ಈ ಮಾತಿಗೆ ಆಕ್ಷೇಪಣೆಗಳು ಬಂದಿವೆ. ಒಬ್ಬರು ಹೇಳಿದರು: "ಎಲ್ಲ ಫೋನಿನಲ್ಲೇ ಇದೆಯಲ್ಲ ಮೇಡಂ!" ಫೋನಿನಲ್ಲಿ ಹೋಟೆಲು ಇದೆ, ಪೆಟ್ರೋಲ್ ಬಂಕು ಇದೆ. ನನ್ನ ಮಕ್ಕಳ ಚುಕ್ಕಿಗೆರೆ ಇಲ್ಲ, ಜಾರುಬಂಡೆ ಇಲ್ಲ. ಯಾರಾದರೂ ಬರೆದರೆ ತಾನೇ ಫೋನಿನಲ್ಲಿ ಬರುವುದು? ಇನ್ನೊಬ್ಬರು ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು. "ನೀವು ದಾರಿ ಬರೆದು ಅಚ್ಚು ಹಾಕಿದರೆ ಜನ ನುಗ್ಗುತ್ತಾರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಏನಾಯಿತು ನೋಡಲಿಲ್ಲವೇ?" ಎಂದರು. ನೋಡಿದೆ. ಸಂತೆಯ ಹಾಗೆ ಜನ ಸೇರಿದ್ದರು. ಆಮೇಲೆ ಸರ್ಕಾರ ಚಾರಣ ನಿಲ್ಲಿಸಿ, ದಿನಕ್ಕೆ ಇಂತಿಷ್ಟೇ ಜನ, ಮೊದಲೇ ಟಿಕೆಟ್ ಎಂಬ ಕ್ರಮ ತರಬೇಕಾಯಿತು. ಆ ಕ್ರಮವನ್ನು ನಾನು ಒಪ್ಪುತ್ತೇನೆ. ಆದರೆ ಅಷ್ಟು ಜನ ಒಂದೇ ಬೆಟ್ಟಕ್ಕೆ ನುಗ್ಗಿದ್ದು ತಿಳಿವಳಿಕೆ ಹೆಚ್ಚಾಗಿಯೋ, ಕಡಿಮೆಯಾಗಿಯೋ? ಫೋನಿನ ಪರದೆಯಲ್ಲಿ ಓಡುವ ಅರ್ಧ ನಿಮಿಷದ ಚಿತ್ರ ಎಲ್ಲರಿಗೂ ಒಂದೇ ಬೆಟ್ಟ ತೋರಿಸುತ್ತದೆ. ಒಳ್ಳೆಯ ಕೈಪಿಡಿ ನೂರು ದಾರಿ ತೋರಿಸುತ್ತದೆ, ಎಲ್ಲಿಗೆ ಹೋಗಬಾರದು, ಯಾವ ತಿಂಗಳು ಹೋಗಬಾರದು ಎಂದೂ ಹೇಳುತ್ತದೆ. ಆನೆ ಓಡಾಡುವ ಕಾಡನ್ನು ಬಿಟ್ಟುಬಿಡೋಣ. ಊರ ಕೆರೆ ಏರಿಯ ಮೇಲೆ ನಡೆಯಲು ಯಾರ ಅಪ್ಪಣೆ ಬೇಕು?

ಮೂರನೆಯ ಆಕ್ಷೇಪಣೆ ನಮ್ಮ ಸ್ಟಾಫ್‌ರೂಮಿನದು. "ನಿಮಗ್ಯಾಕ್ರೀ ಈ ಉಸಾಬರಿ, ಸಿಲಬಸ್ ಮುಗಿಸಿ ಸಾಕು." ಇದಕ್ಕೆ ಉತ್ತರವಾಗಿ ನಾನು ಮಾಡಿದ್ದನ್ನು ಹೇಳಿ ಮುಗಿಸುತ್ತೇನೆ.

ಹೋದ ನವೆಂಬರಿನಿಂದ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎಂಟನೇ ತರಗತಿಯ ಮಕ್ಕಳು ಗ್ರಾಮ ನಕಾಶೆಯ ಜೆರಾಕ್ಸ್ ಹಿಡಿದು ನನ್ನೊಂದಿಗೆ ನಡೆಯುತ್ತಾರೆ. ನಕಾಶೆಯಲ್ಲಿದ್ದು ನೆಲದ ಮೇಲೂ ಇರುವ ದಾರಿಗೆ ಹಸಿರು ಗೆರೆ, ಗೋಡೆ ನುಂಗಿದ ದಾರಿಗೆ ಕೆಂಪು ಗೆರೆ. ಬಾವಿ, ಅರಳಿಕಟ್ಟೆ, ನೀರು ತುಂಬಿ ನಿಂತ ಹಳೆಯ ಕಲ್ಲುಕ್ವಾರಿ, ಎಲ್ಲಕ್ಕೂ ಗುರುತು. ಕ್ವಾರಿಗೆ ಮಾತ್ರ ದೊಡ್ಡದಾಗಿ "ಇಳಿಯಬಾರದು" ಎಂದು ಬರೆಯುತ್ತೇವೆ. ಈಜಲು ಹೋಗಿ ಮಕ್ಕಳು ಸಾಯುವುದು ಅಲ್ಲೇ. ಊರಿನ ಹಿರಿಯರನ್ನು ಕೇಳಿ ಪ್ರತಿ ಜಾಗದ ಹೆಸರು ಬರೆದುಕೊಳ್ಳುತ್ತೇವೆ. ಪುಸ್ತಕ ಕೊಟ್ಟ ಹುಡುಗನಿಗೆ ಫೋನು ಮಾಡಿ, "ನಿನ್ನ ಪುಸ್ತಕ ಓದಿದೆ ಕಣೋ, ಈಗ ನಮ್ಮ ಪುಸ್ತಕಕ್ಕೆ ಕೆಲಸ ಮಾಡು ಬಾ" ಎಂದೆ. ಬಂದ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಮಕ್ಕಳ ಗೆರೆಗಳನ್ನು ಕನ್ನಡದ ಹೆಸರಿನೊಂದಿಗೆ ಸೇರಿಸುವುದು ಹೇಗೆಂದು ಕಲಿಸಿಕೊಟ್ಟ. ಈಗ ಅವನ ಜೊತೆ ಅವನ ಆಫೀಸಿನ ಇಬ್ಬರು ಬರುತ್ತಾರೆ.

ನಮ್ಮ ಹಾಳೆಯಲ್ಲಿ ಈಗ ಹಸಿರು ಗೆರೆ ಹನ್ನೊಂದು, ಕೆಂಪು ಗೆರೆ ಏಳು. ಆ ಏಳರಲ್ಲಿ ಒಂದು ಶಾಲೆಯ ದಾರಿ. ಅದರ ಅಳತೆಗೆ ಅರ್ಜಿ ಕೊಟ್ಟಿದ್ದೇವೆ. ಒಮ್ಮೆ ಸರ್ವೆಯವರು ಬಂದು ಸರಪಳಿ ಹಿಡಿದು ಹೋದರು, ವರದಿ ಇನ್ನೂ ಬಂದಿಲ್ಲ. ಬರುವವರೆಗೆ ಕೇಳುತ್ತಲೇ ಇರುತ್ತೇನೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದೆ.

ಪೀಣ್ಯದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನನ್ನ ಹಾಗೆ ಸೀಮೆಸುಣ್ಣ ಹಿಡಿದವರಿಗೆ ನನ್ನದೊಂದು ಮಾತು. ಬೆಟ್ಟದ ಪುಸ್ತಕ ಬರೆಯುವುದು ಬೆಟ್ಟ ಹತ್ತುವವರ ಕೆಲಸ ಎಂದು ಬಿಡಬೇಡಿ. ನಿಮ್ಮೂರಿನ ನಕಾಶೆ ಇಳಿಸಿಕೊಳ್ಳಿ, ಮಕ್ಕಳ ಕೈಗೆ ಕೊಡಿ, ನಡೆಸಿ. ಬರೆಯದ ದಾರಿ ಮರೆತುಹೋಗುತ್ತದೆ, ನಡೆಯದ ದಾರಿ ಗೋಡೆಯೊಳಗೆ ಹೋಗುತ್ತದೆ. ಕಾಲು ಮುರಿದುಕೊಂಡಿದ್ದ ಆ ಹುಡುಗಿ ಈಗ ನಮ್ಮ ಹೈಸ್ಕೂಲಿನಲ್ಲೇ ಇದ್ದಾಳೆ. ಸ್ವಲ್ಪ ಕುಂಟಿದರೂ ಪ್ರತಿ ನಡಿಗೆಗೂ ಬರುತ್ತಾಳೆ. ಕೆಂಪು ಪೆನ್ಸಿಲ್ಲು ಅವಳ ಕೈಯಲ್ಲೇ ಇರುತ್ತದೆ.